ಅಕ್ಕ ಸಹಿ ಹಾಕದ ಕಾಗದ

ನಾನು ಹೋಗಿ ಬಂದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರವಾಸದ ಕಥೆ ಹೇಳಲು ಕೂತವಳು ದೇಶದ ಹೆಸರನ್ನೇ ಬಿಟ್ಟರೆ ಮದುವೆ ಕಾಗದದಲ್ಲಿ ಮದುಮಗಳ ಹೆಸರು ಬಿಟ್ಟಂತೆ, ಗೊತ್ತಿದೆ. ಆದರೆ ಅಲ್ಲೊಂದು ಕಾನೂನಿದೆ. ಮಕ್ಕಳ ಪ್ರಕರಣದಲ್ಲಿ ಮಗುವಿನ ಗುರುತು ಸಿಗುವಂತೆ ಯಾರೂ ಏನೂ ಬರೆಯಬಾರದು. ನಾನು ಅಲ್ಲಿದ್ದಷ್ಟು ದಿನವೂ ಆ ದೇಶದ ಕಾನೂನುಗಳ ಜೊತೆ ಜಗಳವಾಡಿದವಳು. ಈ ಒಂದರ ಜೊತೆ ಮಾತ್ರ ನನಗೆ ಜಗಳವಿಲ್ಲ. ಉತ್ತರದ ಒಂದು ಚಳಿ ದೇಶ, ಅಷ್ಟು ಸಾಕು. ಅಕ್ಕನ ಮಗಳನ್ನು ಪುಟ್ಟಿ ಅನ್ನುತ್ತೇನೆ.

ಹಿಮ ನೋಡಲು ಹೋದದ್ದಲ್ಲ. ಆರು ವರ್ಷದ ಪುಟ್ಟಿಯನ್ನು ಅಲ್ಲಿನ ಮಕ್ಕಳ ರಕ್ಷಣಾ ಕಚೇರಿಯವರು ಶಾಲೆಯಿಂದಲೇ ಕರೆದುಕೊಂಡು ಹೋಗಿ, ಯಾರದೋ ಮನೆಯಲ್ಲಿ ಇಟ್ಟಿದ್ದರು. ಬೇಸಿಗೆ ರಜೆಗೆಂದು ನನ್ನ ವೀಸಾ ಮೊದಲೇ ಆಗಿತ್ತು. ಕುಂದಾಪುರದ ಕಾಲೇಜೊಂದರಲ್ಲಿ ಮಕ್ಕಳಿಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಡುವುದು ನನ್ನ ಕೆಲಸ. ಎದುರಾಳಿಯ ವಾದದಲ್ಲಿ ತೂತು ಹುಡುಕುವುದು ಅಭ್ಯಾಸ. ಹೋಗಿ ನಾಲ್ಕು ಪ್ರಶ್ನೆ ಕೇಳಿದರೆ ಮಗು ವಾಪಸು ಬರುತ್ತದೆ ಅಂತ ನಂಬಿ ಹೊರಟೆ.

ಉಪ್ಪುಂದ

ಎಲ್ಲ ಶುರುವಾದದ್ದು ಅಮ್ಮ ಕಳಿಸಿದ ಹಸಿ ಗೇರುಬೀಜದಿಂದ. ಅಕ್ಕ ಒಮ್ಮೆ ಫೋನಿನಲ್ಲಿ, "ಹಸಿಬೀಜದ ಪಲ್ಯ ತಿಂದ್ ನಾಕ್ ವರ್ಷ ಆಯ್ತ್ ಅಮ್ಮ" ಅಂದಿದ್ದಳು. ಅಷ್ಟು ಸಾಕಾಯಿತು. ಭಾವನ ಪರಿಚಯದವರೊಬ್ಬರು ಬ್ರಹ್ಮಾವರಕ್ಕೆ ಬಂದು ವಾಪಸು ಹೊರಟಿದ್ದರು. ಅವರ ಚೀಲದಲ್ಲಿ ಅಮ್ಮ ಉಪ್ಪುಂದದ ನಮ್ಮ ಮನೆಯ ಹಿಂದಿನ ಹಾಡಿಯ ಗೇರುಮರಗಳ ಬೀಜಗಳನ್ನು ಸಿಪ್ಪೆ ಸಮೇತ ಒದ್ದೆ ಬೈರಾಸಿನಲ್ಲಿ ಸುತ್ತಿ ತುರುಕಿದಳು. ಸಿಪ್ಪೆ ತೆಗೆದರೆ ಬಾಡುತ್ತದೆ ಎಂಬುದು ಅವಳ ವಾದ. ಸಿಪ್ಪೆಯಲ್ಲಿ ಸೊನೆ ಇದೆ, ಸೊನೆ ತಾಗಿದರೆ ಚರ್ಮ ಸುಡುತ್ತದೆ ಎಂಬುದನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ನೀರು ಒದ್ದೆ ಅಂತ ಯಾರಾದರೂ ಹೇಳುತ್ತಾರೆಯೇ?

ಅಲ್ಲಿ ಅಕ್ಕ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಬೀಜ ಸೀಳುತ್ತಾ ಪುಟ್ಟಿಗೆ ಕಥೆ ಹೇಳಿದಳು. ಸಣ್ಣವರಿದ್ದಾಗ ನಾವಿಬ್ಬರೂ ಸೀಳಿದ ಸಿಪ್ಪೆಯನ್ನು ಮುಂಗೈಗೆ ಒತ್ತಿ ಮುದ್ರೆ ಹಾಕಿಕೊಳ್ಳುತ್ತಿದ್ದೆವು. ಯಾರ ಮುದ್ರೆ ಹೆಚ್ಚು ಕಪ್ಪೋ ಅವರು ಧೈರ್ಯಸ್ಥರು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಅಕ್ಕ ಎದ್ದಳು. ಪುಟ್ಟಿ ಒಂದು ಸಿಪ್ಪೆ ತೆಗೆದು ಒಂದರ ಪಕ್ಕ ಒಂದರಂತೆ ಮೂರು ಸಲ ಒತ್ತಿಕೊಂಡಳು. ಉರಿ ಬಂದ ಮೇಲೆ ಅತ್ತಳು. ಅಕ್ಕ ಕೈ ತೊಳೆಸಿ, ಎಣ್ಣೆ ಹಚ್ಚಿ, "ನಿನ್ ಚಿಕ್ಕಿಗಿಂತ ನೀನೇ ಧೈರ್ಯಸ್ಥೆ" ಅಂತ ಸಮಾಧಾನ ಮಾಡಿದಳು. ಚಿಕ್ಕಿ ಅಂದರೆ ನಾನು.

ಮೂರು ದಿನ ಕಳೆದು ಶಾಲೆಯಲ್ಲಿ ಉದ್ದ ತೋಳು ಮಡಚುವಾಗ ಟೀಚರ್ ಕಂಡರು. ಸುಟ್ಟು ಕಪ್ಪಾದ ಮೂರು ಗುರುತು, ಒಂದೇ ಆಕಾರ, ಸಾಲಾಗಿ. ಅವರು ಫೋನ್ ಮಾಡಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಟೀಚರ್ ಜಾಗದಲ್ಲಿ ನಾನಿದ್ದರೆ ನಾನೂ ಫೋನ್ ಮಾಡುತ್ತಿದ್ದೆ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಬೆಂಚಿನ ಹುಡುಗಿಯೊಬ್ಬಳ ಬೆನ್ನಿನ ಮೇಲೆ ಬೆಲ್ಟಿನ ಬಾಸುಂಡೆ ಇರುತ್ತಿತ್ತು. ಇಡೀ ಶಾಲೆಗೆ ಗೊತ್ತಿತ್ತು. ಅವಳ ಅಪ್ಪ ಊರಿನಲ್ಲಿ ದೊಡ್ಡ ಜನ, ಹಾಗಾಗಿ ಯಾರೂ ಎಲ್ಲಿಗೂ ಫೋನ್ ಮಾಡಲಿಲ್ಲ. ನನ್ನ ಜಗಳ ಫೋನಿನ ಮೇಲಲ್ಲ, ಫೋನಿನ ನಂತರ ನಡೆದದ್ದರ ಮೇಲೆ.

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಷ್ಟರೊಳಗೆ ಯುದ್ಧ ಘೋಷಣೆಯಾಗಿತ್ತು. ಮುಂಬಯಿಯಲ್ಲಿ ಹೋಟೆಲ್ ಇಟ್ಟಿರುವ ದೊಡ್ಡಪ್ಪ ನನಗೇ ಫೋನ್ ಮಾಡಿದರು.

"ಇದ್ ನಮ್ ಸಂಸ್ಕೃತಿ ಮೇಲ್ ದಾಳಿ ಹೆಣೆ. ಅಲ್ಲ್ ಹೋಯಿ ಹಾಂಗೇ ಹೇಳ್."

"ಚರ್ಮ ಸುಟ್ಕಂಬ್ದ್ ನಮ್ ಸಂಸ್ಕೃತಿ ಅಂದ್ ಹೇಳ್ಕಾ ದೊಡ್ಡಪ್ಪ?"

"ಹಾಂಗಲ್ಲ ಮಾರಾಯ್ತಿ."

"ಮತ್ತ್ ಹ್ಯಾಂಗ್? ಸಂಸ್ಕೃತಿ ಅಂದ್ರೆ ಸೋತ್ವಿ. ಆದ್ದ್ ಎಂತ ಅಂತ ತೋರ್ಸ್ಕ್, ಅಷ್ಟೇ."

"ನೀ ಬಾಯಿ ಜೋರ್ ಮಾಡ್ಬೇಡ ಅಲ್ಲ್. ಅವ್ರ್ ನಿನ್ನನ್ನೂ ಹಿಡ್ಕಂತ್ರ್."

ಹೊರಡುವ ಎರಡು ದಿನ ಮುಂಚೆ ನಾನು ಹಾಡಿಗೆ ಹೋಗಿ, ಸೀಸನ್ ಮುಗಿದು ಉಳಿದಿದ್ದ ಬೀಜ ಹುಡುಕಿ, ಸೀಳಿ, ನನ್ನ ಎಡ ಮುಂಗೈ ಮೇಲೆ ಮೂರು ಮುದ್ರೆ ಒತ್ತಿಕೊಂಡೆ. ಗೇರುಬೀಜವನ್ನು ಸಿಪ್ಪೆ ಸಮೇತ ಒಯ್ದರೆ ಕಸ್ಟಮ್ಸಿನವರು ಕಸಿಯಬಹುದು. ನನ್ನ ಕೈಯನ್ನು ಕಸಿಯಲು ಆಗುವುದಿಲ್ಲವಲ್ಲ. ಅಮ್ಮ ನೋಡಿ, ಎಣ್ಣೆ ಬಟ್ಟಲು ತಂದು ಪಕ್ಕದಲ್ಲಿಟ್ಟಳು, ನಾನು ಹಚ್ಚಿಕೊಳ್ಳಲಿಲ್ಲ. ಗುರುತು ಚೆನ್ನಾಗಿ ಏಳಬೇಕಿತ್ತು.

ವಲಸೆ ಕೌಂಟರ್

ಎದ್ದದ್ದು ಚೆನ್ನಾಗಿಯೇ. ವಿಮಾನದಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಕೈ ನೋಡಿ ತನ್ನ ಕಂಬಳಿಯನ್ನು ಆ ಕಡೆಗೆ ಎಳೆದುಕೊಂಡಳು. ಊಟದ ತಟ್ಟೆಯನ್ನೂ ಆ ಕಡೆಗೇ ಸರಿಸಿದಳು. ಆಮೇಲೆ ನಾಚಿಕೆಯಾಯಿತೋ ಏನೋ, ತನ್ನ ಚಾಕೊಲೇಟು ನನಗೆ ಕೊಟ್ಟಳು.

ಕೌಂಟರಿನ ಅಧಿಕಾರಿ ಪಾಸ್‌ಪೋರ್ಟಿಗಿಂತ ಹೆಚ್ಚು ಹೊತ್ತು ನನ್ನ ಮುಂಗೈ ನೋಡಿದ.

"ಇದೇನು?"

"ಗೇರುಬೀಜ."

"ಅಲರ್ಜಿಯೇ?"

"ಅಲ್ಲ. ಸಾಕ್ಷ್ಯ."

ಇಂಥ ಉತ್ತರಕ್ಕೆ ಚರ್ಚಾಸ್ಪರ್ಧೆಯಲ್ಲಿ ಚಪ್ಪಾಳೆ ಬೀಳುತ್ತದೆ. ಅಲ್ಲಿ ಪಕ್ಕದ ಕೋಣೆಗೆ ಕಳಿಸಿದರು. ಒಬ್ಬ ನರ್ಸ್ ಬಂದು ಬಾಗಿಲು ಮುಚ್ಚಿ, ನನ್ನ ಎದುರು ಕೂತು, ಬಹಳ ಮೆತ್ತಗೆ ಕೇಳಿದಳು: ಮನೆಯಲ್ಲಿ ಯಾರಾದರೂ ಹೀಗೆ ಮಾಡಿದರೇ? ನಾನು ಇಲ್ಲ ಅಂದೆ, ನಾನೇ ಮಾಡಿಕೊಂಡದ್ದು ಅಂದೆ. ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಇಲ್ಲ ಅಂದೆ. ಸರಿ ಅಂತ ಮುಲಾಮು ಹಚ್ಚಿ, ತೊಂದರೆಯಲ್ಲಿರುವ ಹೆಂಗಸರು ಎಲ್ಲಿಗೆ ಫೋನ್ ಮಾಡಬೇಕು ಎಂಬ ಚೀಟಿ ಕೊಟ್ಟು, ದಾರಿ ತೋರಿಸಿ ಬಿಟ್ಟಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಊರಿನಲ್ಲಿ ಯಾವ ಆಸ್ಪತ್ರೆಯಲ್ಲೂ ಬಾಗಿಲು ಮುಚ್ಚಿ ಒಬ್ಬ ಹೆಂಗಸನ್ನು ಹೀಗೆ ಕೇಳಿದ್ದನ್ನು ನಾನು ನೋಡಿಲ್ಲ. ಆದರೆ ಟ್ರಾಮಿನಲ್ಲಿ ಕೂತ ಮೇಲೆ ಒಂದು ಕೊರೆಯತೊಡಗಿತು. ಅವಳು ಎರಡು ಸಲ ಕೇಳಿದಳು, ಉತ್ತರ ಕೇಳಿಸಿಕೊಂಡಳು, ನಂಬಿದಳು. ಅದೇ ಗುರುತಿಗೆ ಅದೇ ಉತ್ತರ ಕೊಟ್ಟ ನನ್ನ ಅಕ್ಕನನ್ನು ಯಾಕೆ ನಂಬಲಿಲ್ಲ?

ಅಕ್ಕನ ಮನೆ

ಆ ಊರಿನಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಾರೆ, ಮುಗುಳ್ನಗುತ್ತಾರೆ, ಮುಗಿಯಿತು. ಕೆಳಗಿನ ಮನೆಯ ಮುದುಕಿ ಎರಡು ದಿನಕ್ಕೊಮ್ಮೆ ಅಕ್ಕನ ಬಾಗಿಲ ಹತ್ತಿರ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಇಟ್ಟು ಹೋಗುತ್ತಿದ್ದಳು. ಬೆಲ್ ಒತ್ತುತ್ತಿರಲಿಲ್ಲ. ನಮ್ಮಲ್ಲಾಗಿದ್ದರೆ ಮೊದಲ ದಿನವೇ ಹತ್ತು ಜನ "ಹ್ವಾಯ್, ಎಂತ ಆಯ್ತಂಬ್ರ್?" ಅಂತ ಒಳಗೆ ಬಂದು ಕೂತು, ಅಕ್ಕನಿಗೆ ಅಳಲು ಕೂಡ ಜಾಗ ಬಿಡುತ್ತಿರಲಿಲ್ಲ. ಯಾವುದು ಮೇಲು ಎಂದು ನನಗೆ ಇವತ್ತಿಗೂ ನಿರ್ಧಾರವಾಗಿಲ್ಲ.

ಬೈಂದೂರಿನಿಂದ ಬೆಂಗಳೂರಿನ ತನಕ ರೈಲಿನಲ್ಲಿ ಪಕ್ಕದವರ ಜೊತೆ ಮಾತಾಡುತ್ತಲೇ ಹೋಗುವ ಅಕ್ಕ ಈಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದಳು.

"ಆಸ್ಪತ್ರಿಯಗೆ ಅವ್ರ್ ಎಂತ ಕೇಂಡ್ರ್?" ಅಂದೆ. ಶಾಲೆಯಿಂದ ಪುಟ್ಟಿಯನ್ನು ಮೊದಲು ಆಸ್ಪತ್ರೆಗೆ ಒಯ್ದು, ಅಕ್ಕನನ್ನು ಅಲ್ಲಿಗೆ ಕರೆಸಿದ್ದರು.

"ಇದ್ ಹ್ಯಾಂಗ್ ಆಯ್ತ್ ಅಂದ್ ಕೇಂಡ್ರ್. ಗೇರುಬೀಜ ಅಂದೆ. ಅವತ್ತೇ ಎಂತಕ್ ಆಸ್ಪತ್ರಿಗ್ ಕರ್ಕ ಬರ್ಲಿಲ್ಲ ಅಂದ್ ಕೇಂಡ್ರ್."

"ನೀ ಎಂತ ಹೇಳ್ದೆ?"

ಅಕ್ಕ ತಲೆ ಎತ್ತಲಿಲ್ಲ. "ನಮ್ ಊರಗೆ ಎಲ್ಲ ಮಕ್ಕಳಿಗೂ ಹೀಂಗ್ ಆತ್ತ್, ಅದಕ್ಕೆಲ್ಲ ಆಸ್ಪತ್ರಿಗ್ ಹೋತ್ರಾ ಅಂದೆ."

ಆ ವಾಕ್ಯ ಅಲ್ಲಿನ ಕಡತದಲ್ಲಿ ಹೇಗೆ ಕೂತಿದೆ ಎಂದು ನಾನು ಆಮೇಲೆ ಓದಿದೆ: 'ತಮ್ಮ ಸಮುದಾಯದಲ್ಲಿ ಮಕ್ಕಳಿಗೆ ಇಂಥ ಗಾಯವಾಗುವುದು ಸಾಮಾನ್ಯ ಎಂದು ತಾಯಿ ಒಪ್ಪಿಕೊಂಡಿದ್ದಾರೆ.' ಒಂದು ಅಕ್ಷರವೂ ಸುಳ್ಳಲ್ಲ. ಗೇರುಬೀಜದ ಮಾತು ಕೂಡ ಇತ್ತು. ಅದರ ಪಕ್ಕದಲ್ಲಿ, 'ವಿವರಣೆ ನಂಬಲರ್ಹವಲ್ಲ.' ಯಾಕೆಂದರೆ ಆ ದೇಶದಲ್ಲಿ ಗೇರುಬೀಜ ಡಬ್ಬಿಯಲ್ಲಿ ಸಿಗುತ್ತದೆ, ಬೆಳ್ಳಗೆ, ಉಪ್ಪು ಹಾಕಿ. ಅದಕ್ಕೊಂದು ಸಿಪ್ಪೆ ಇದೆ, ಸಿಪ್ಪೆಯಲ್ಲಿ ಬೆಂಕಿ ಇದೆ ಎಂದು ಬರೆದುಕೊಂಡವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲದ್ದನ್ನು ಯಾರನ್ನೂ ಕೇಳದೆ ತೀರ್ಮಾನ ಬರೆದದ್ದು ತಪ್ಪು.

ಭೇಟಿ ಕೋಣೆ

ವಾರಕ್ಕೆ ಒಂದು ಸಲ, ಒಂದು ಗಂಟೆ. ಪುಟ್ಟಿಯ ಅಪ್ಪ, ಅಮ್ಮ, ಮತ್ತು ಅನುಮತಿ ಪಡೆದು ನಾನು. ಕೋಣೆಯಲ್ಲಿ ಹಳದಿ ಸೋಫಾ, ಚಕ್ರ ಕಳಚಿದ ಆಟಿಕೆ ಕಾರು, ಮೂಲೆಯ ಕುರ್ಚಿಯಲ್ಲಿ ನೋಟ್‌ಬುಕ್ಕು ಹಿಡಿದ ಮೇಲ್ವಿಚಾರಕಿ. ಪುಟ್ಟಿ ಓಡಿ ಬಂದು ಅಕ್ಕನ ಸೊಂಟ ಹಿಡಿದುಕೊಂಡಳು. ಅಕ್ಕ "ಉಂಡ್ಯಾ ಮಗಾ?" ಅಂದಳು.

ಮೂಲೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು. ಮೇಲ್ವಿಚಾರಕಿಗೆ ಅರ್ಥವಾಗುವ ಭಾಷೆಯಲ್ಲೇ ಮಾತಾಡಬೇಕು.

ಅಕ್ಕ ಬಾಯಿ ಮುಚ್ಚಿದಳು. ಹಿಂದಿನ ಭೇಟಿಗಳಲ್ಲೂ ಹೀಗೇ ಮುಚ್ಚಿದ್ದಳಂತೆ. ಭಾವ ಅಲ್ಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಆ ಭಾಷೆಯಲ್ಲಿ ಈರುಳ್ಳಿ, ಚಾಕು, ಬೇಗ ಎಂಬ ಪದಗಳು ಚೆನ್ನಾಗಿ ಬರುತ್ತವೆ. ಮಗಳ ಜೊತೆ ಆಡುವ ಪದಗಳು ಬರುವುದಿಲ್ಲ. "ಚೆನ್ನಾಗಿದ್ದೀಯಾ? ಚೆನ್ನಾಗಿದ್ದೀಯಾ?" ಅಂತ ಎರಡು ಸಲ ಕೇಳಿ ಅವರೂ ಸುಮ್ಮನಾದರು. ಮೇಲ್ವಿಚಾರಕಿ ಏನೋ ಬರೆದುಕೊಂಡಳು. ಏನೆಂದು ಆಮೇಲೆ ಕಡತದಲ್ಲಿ ಸಿಕ್ಕಿತು: 'ತಾಯಿ ಮಗುವಿನೊಂದಿಗೆ ಹೆಚ್ಚು ಮಾತಾಡುವುದಿಲ್ಲ.'

ನನಗೆ ತಡೆಯಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದೆ, "ಈ ನಿಯಮ ಎಲ್ಲಿ ಬರೆದಿದೆ?"

"ಇದು ಇಲ್ಲಿಯ ಪದ್ಧತಿ."

"ಪದ್ಧತಿ ಬೇಡ. ಯಾವ ನಿಯಮ, ಯಾವ ಪುಟ?"

ಅವಳು ಕೋಪಿಸಿಕೊಳ್ಳಲಿಲ್ಲ. ಅದು ಆ ಜನರ ವಿಶೇಷ. ನಮ್ಮ ತಾಲೂಕು ಕಚೇರಿಯಲ್ಲಿ ಹೀಗೆ ಕೇಳಿದರೆ ಗುಮಾಸ್ತರು ಕನ್ನಡಕ ತೆಗೆದು ನಮ್ಮ ವಂಶಾವಳಿ ವಿಚಾರಿಸುತ್ತಾರೆ. ಇವಳು ನಿಜವಾಗಿ ಯೋಚಿಸಿದಳು, ಕಪಾಟಿನಿಂದ ಕೈಪಿಡಿ ತಂದು ಪುಟ ಮಗುಚಿದಳು, ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವೂ ನಮ್ಮ ಒಂದು ಗಂಟೆಯೊಳಗೇ ಹೋಯಿತು, ಅದು ನನ್ನ ತಪ್ಪು. ಕೊನೆಗೆ, "ಬರೆದಿಲ್ಲ" ಅಂದಳು. ಬರೆದದ್ದು ಬೇರೆ ಇತ್ತು: ಬೇರೆ ಭಾಷೆಯಾದರೆ ಅನುವಾದಕರನ್ನು ಕರೆಸುವುದು ಕಚೇರಿಯ ಹೊಣೆ.

ಮುಂದಿನ ವಾರ ಅನುವಾದಕರು ಬಂದರು. ಮೈಸೂರಿನ ಕಡೆಯ ಹಿರಿಯರು, ಅಚ್ಚುಕಟ್ಟಾದ ಕೋಟು. ಅಕ್ಕ ಮತ್ತು ಪುಟ್ಟಿ ಬಾಕಿ ಇಟ್ಟ ಮಾತುಗಳನ್ನೆಲ್ಲ ಒಟ್ಟಿಗೆ ಆಡತೊಡಗಿದರು.

"ಅಮ್ಮ, ನಾನ್ ಮನಿಗ್ ಯಾವತ್ತ್ ಬಪ್ದ್?"

"ಬೇಗ ಕರ್ಕ ಹೋತೆ ಮಗಾ. ಅಲ್ಲ್ ಎಂತ ತಿಂತೆ?"

"ಮೀನ್ ಕೊಡ್ತ್ರ್. ಖಾರ ಇಲ್ಲೆ, ಎಂತ ಇಲ್ಲೆ."

ಅನುವಾದಕರು ಪೆನ್ನು ಮೇಲೆತ್ತಿ ನನ್ನ ಕಡೆ ಬಾಗಿದರು. "ಅಮ್ಮಾ, ಇವರು ಸ್ವಲ್ಪ ನಿಧಾನಕ್ಕೆ ಮಾತಾಡಬಹುದಾ? ಕನ್ನಡ ಅಂತ ಹೇಳಿ ಕರೆಸಿದ್ರು."

"ಇದೂ ಕನ್ನಡವೇ ಸರ್."

"ಇರಬಹುದು," ಅಂದರು ಅವರು ಸಭ್ಯವಾಗಿ. "ಆದರೆ ನನಗೆ ಪರಿಚಯ ಇಲ್ಲ."

ಪುಟ್ಟಿ ನಕ್ಕಳು. ಆ ಕೋಣೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು ಎಂದು ಭಾವ ಹೇಳಿದರು.

ವಕೀಲರ ಕಚೇರಿ

ವಕೀಲರನ್ನು ಆ ದೇಶವೇ ಕೊಟ್ಟಿತ್ತು. ಮಗುವನ್ನು ತೆಗೆದುಕೊಂಡ ಸರಕಾರವೇ ಅದನ್ನು ವಾಪಸು ಕೇಳಲು ವಕೀಲರನ್ನೂ ಕೊಡುತ್ತದೆ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಅದು ದೊಡ್ಡ ಮಾತು. ವಕೀಲರು ಉದ್ದನೆಯ, ದಣಿದ ಮುಖದ ಹೆಂಗಸು. ನಾನು ಗೆದ್ದೆನೆಂಬ ಭಾವದಲ್ಲಿ ತೋಳು ಮಡಚಿ ಮುಂಗೈಯನ್ನು ಅವರ ಮೇಜಿನ ಮೇಲಿಟ್ಟೆ. ಮೂರು ಗುರುತು, ಪುಟ್ಟಿಯ ಫೋಟೋದಲ್ಲಿದ್ದಂತೆಯೇ.

ಅವರು ನೋಡಿದರು. ಕುರ್ಚಿ ಹಿಂದಕ್ಕೆ ತಳ್ಳಿದರು.

"ದಯವಿಟ್ಟು ಇದನ್ನು ಯಾರಿಗೂ ತೋರಿಸಬೇಡಿ."

"ಯಾಕೆ? ಇದಕ್ಕಿಂತ ಪುರಾವೆ ಬೇಕೇ?"

"ಇದು ಏನನ್ನು ಸಾಬೀತು ಮಾಡುತ್ತದೆ? ಈ ಕುಟುಂಬದವರು ಬೇಕೆಂದೇ ಚರ್ಮ ಸುಡಬಲ್ಲರು, ಹಾಗೆ ಸುಡುವ ವಿಧಾನ ಅವರಿಗೆ ಚೆನ್ನಾಗಿ ಗೊತ್ತು ಎಂದು. ನಾನು ಆ ಕಡೆಯ ವಕೀಲೆಯಾಗಿದ್ದರೆ ನಿಮ್ಮನ್ನೇ ಮೊದಲ ಸಾಕ್ಷಿಯಾಗಿ ಕರೆಯುತ್ತಿದ್ದೆ."

ನಾನು ಎಷ್ಟು ಮಕ್ಕಳಿಗೆ ಕಲಿಸಿದ್ದೇನೆ, ಎದುರಾಳಿಗೆ ಆಯುಧ ಕೊಡಬೇಡಿ ಎಂದು. ತೋಳು ಇಳಿಸಿದೆ. ಉಳಿದ ದಿನಗಳೆಲ್ಲ ಉದ್ದ ತೋಳಿನ ಅಂಗಿ ಹಾಕಿದೆ, ಪುಟ್ಟಿಗೆ ಅಕ್ಕ ಹಾಕಿದ್ದಂತೆ. ಅಕ್ಕ ಹಾಕಿದ್ದು ಚಳಿಗೆ. ಕಡತದಲ್ಲಿ ಅದಕ್ಕೆ 'ಗಾಯ ಮರೆಮಾಚಿದ್ದು' ಎಂದಿದೆ.

ಆಮೇಲೆ ವಕೀಲರು ಒಂದು ಹಾಳೆಯನ್ನು ಅಕ್ಕ, ಭಾವ ಇಬ್ಬರ ಮುಂದೆ ಇಟ್ಟರು. ಕಚೇರಿಯವರು ಕಳಿಸಿದ ರಾಜಿ. ಮಗುವಿಗೆ ಮನೆಯಲ್ಲಿ ಬೇಕೆಂದೇ ಗಾಯ ಮಾಡಲಾಗಿದೆ, ಅದನ್ನು ತಡೆಯಲು ನಾವು ವಿಫಲರಾದೆವು ಎಂದು ಒಪ್ಪಿ ಸಹಿ ಮಾಡಿದರೆ, ತಂದೆ ತಾಯಿಯರ ತರಗತಿಗೆ ಸೇರಿದರೆ, ಮೂರು ವಾರದಲ್ಲಿ ಪುಟ್ಟಿ ಮನೆಗೆ. ಸಹಿ ಮಾಡದೆ ವಿಚಾರಣೆಗೆ ಹೋದರೆ ಬೇಗ ಮುಗಿಯಲೂಬಹುದು, ತಿಂಗಳುಗಳೇ ಆಗಲೂಬಹುದು, ಸೋತರೆ ಇನ್ನೂ ಹೆಚ್ಚು. "ಹೆಚ್ಚಿನವರು ಸಹಿ ಮಾಡುತ್ತಾರೆ," ಅಂದರು ವಕೀಲರು.

ಭಾವ ಪೆನ್ನು ತೆಗೆದುಕೊಂಡರು.

"ಇಡಿ ಅದನ್ನ," ಅಂದಳು ಅಕ್ಕ.

"ಎಂತಕ್ ಮಾರಾಯ್ತಿ? ನಿಂಗ್ ಮಗು ಬೇಕಾ, ಮರ್ಯಾದಿ ಬೇಕಾ?"

"ಮರ್ಯಾದಿ ಯಾರಿಗ್ ಬೇಕ್? ಈ ಕಾಗ್ದಕ್ಕೆ ಸೈನ್ ಹಾಕಿರೆ, ನಾಳೆ ಪುಟ್ಟಿ ಸೈಕಲ್ಲಿಂದ ಬಿದ್ದ್ ಮೊಣಕಾಲ್ ಕೆತ್ಕಂಡ್ರೂ ಅವ್ರ್ ಇದ್ನೇ ತೆಗಿತ್ರ್. ಆಗ ಮೂರ್ ವಾರ ಅಲ್ಲ."

"ಮೂರ್ ವಾರದಗೆ ಬತ್ತ್ ಅಂತ್ರಲ್ಲ. ಒಂದ್ ಸೈನ್. ಯಾರ್ ಕಾಂತ್ರ್ ಇಲ್ಲಿ ನಮ್ಮನ್ನ?"

"ಪುಟ್ಟಿ ಕಾಂತ್ತಲ್ಲ. ಅದ್ ದೊಡ್ಡ ಆಯಿ ಈ ಕಾಗ್ದ ಓದ್ರೆ? ನನ್ ಅಮ್ಮ ನಂಗ್ ಸುಟ್ಟದ್ದ್ ಹೌದ್, ಅವ್ಳೇ ಒಪ್ಪಿದ್ದ್ ಅಂದ್ ತಿಳ್ಕಂತ್ತ್."

ಭಾವ ಪೆನ್ನು ಇಡಲಿಲ್ಲ, ಬರೆಯಲೂ ಇಲ್ಲ. ಅವರ ಕಣ್ಣಿನಲ್ಲಿ ನೀರಿತ್ತು. ನಾನು ಯಾರ ಪಕ್ಷ? ಹೊರಗಿನಿಂದ ನೋಡುವವರಿಗೆ ಅಕ್ಕನ ಮಾತು ಸುಲಭದಲ್ಲಿ ಸರಿ ಅನ್ನಿಸೀತು. ಆದರೆ ಪುಟ್ಟಿಯಿಲ್ಲದ ಒಂದೊಂದು ಬೆಳಗಾಗುವುದನ್ನು ನಾನು ಆ ಮನೆಯಲ್ಲಿ ನೋಡಿದ್ದೆ. ಭಾವ ಎದ್ದು, ಅಭ್ಯಾಸದಿಂದ ಪುಟ್ಟಿಯ ಲೋಟಕ್ಕೂ ಹಾಲು ಬಗ್ಗಿಸಿ, ಅದನ್ನು ವಾಪಸು ಪಾತ್ರೆಗೆ ಸುರಿಯುತ್ತಿದ್ದರು. ಆದ್ದರಿಂದ ನಾನು ವಾದ ಮಾಡಲಿಲ್ಲ. ವಕೀಲರನ್ನು ಒಂದೇ ಕೇಳಿದೆ: "ಗುರುತು ನೋಡಿದ ವೈದ್ಯರು ಗೇರುಬೀಜದ ಸಿಪ್ಪೆಯನ್ನು ನೋಡಿದ್ದಾರೆಯೇ?"

"ಇಲ್ಲ."

"ನಮ್ಮ ಕಡೆಯಿಂದ ಬೇರೆ ವೈದ್ಯರಿಗೆ ತೋರಿಸುವ ಹಕ್ಕು ನಮಗಿದೆಯೇ?"

"ಇದೆ. ಆದರೆ ತೋರಿಸಲು ಸಿಪ್ಪೆ ಬೇಕಲ್ಲ."

ಅಕ್ಕ ತಲೆ ಎತ್ತಿದಳು. "ಇತ್ತ್," ಅಂದಳು. "ಫ್ರೀಜರಗೆ ಈಗ್ಲೂ ಇತ್ತ್."

ಮನೆ ಶೋಧಿಸಲು ಬಂದವರು ಇಸ್ತ್ರಿಪೆಟ್ಟಿಗೆ ನೋಡಿದ್ದರು, ಸೌಟು ನೋಡಿದ್ದರು, ಭಾವನ ಸಿಗರೇಟು ಲೈಟರ್ ಒಯ್ದಿದ್ದರು. ಫ್ರೀಜರಿನಲ್ಲಿ ಪಲ್ಯಕ್ಕೆಂದು ಸಿಪ್ಪೆ ಸಮೇತ ಉಳಿಸಿದ್ದ ಗೇರುಬೀಜಗಳ ಪೊಟ್ಟಣವನ್ನು ತೆರೆದು ನೋಡಿ, ಆಹಾರ ಎಂದು ಅಲ್ಲೇ ಬಿಟ್ಟಿದ್ದರು.

ಭಾವ ಪೆನ್ನನ್ನು ಮೇಜಿನ ಮೇಲಿಟ್ಟರು. ಅದು ಒಪ್ಪಿಗೆಯಲ್ಲ. "ಒಂದ್ ಸಲ ಕಾಂಬ," ಅಂದರು ಅಷ್ಟೇ.

ವಿಚಾರಣೆಯ ಕಾರಿಡಾರ್

ಗಿಡಮರಗಳಿಂದಾಗುವ ಚರ್ಮದ ಗಾಯಗಳನ್ನು ಬಲ್ಲ ಒಬ್ಬ ಹಿರಿಯ ವೈದ್ಯರು ಸಿಕ್ಕಿದರು. ಸಿಪ್ಪೆಯನ್ನು ಸೀಳಿ, ಅಳತೆ ತೆಗೆದು, ಪುಟ್ಟಿಯ ಫೋಟೋದ ಮೇಲಿಟ್ಟು ನೋಡಿದರು. ಒಂದೂವರೆ ಪುಟ ಬರೆದುಕೊಟ್ಟರು. ನನ್ನ ತೋಳು ಅವರಿಗೆ ಬೇಕಾಗಲಿಲ್ಲ.

ವಿಚಾರಣೆಯ ದಿನ ನಾನು ನನ್ನ ವಾದವನ್ನು ಎಂಟು ಹಾಳೆಯಲ್ಲಿ ಬರೆದುಕೊಂಡು ಹೋದೆ. ಬಾಗಿಲಲ್ಲಿ ನಿಲ್ಲಿಸಿದರು. ತಂದೆ, ತಾಯಿ, ವಕೀಲರು, ಅನುವಾದಕರು ಮಾತ್ರ. ಚಿಕ್ಕಮ್ಮಂದಿರಿಗೆ ಒಳಗೆ ಜಾಗವಿಲ್ಲ. "ಯಾವ ನಿಯಮ?" ಅಂದೆ. ಬಾಗಿಲಿನವನು ಗೋಡೆಯ ಮೇಲಿನ ಫಲಕ ತೋರಿಸಿದ. ಈ ಸಲ ಬರೆದಿತ್ತು.

ಹಾಗಾಗಿ ಕಾರಿಡಾರಿನ ಬೆಂಚಿನಲ್ಲಿ ನಾಲ್ಕು ಗಂಟೆ ಕೂತೆ. ಎದುರಿಗೆ ಇನ್ನೊಬ್ಬ ತಾಯಿ, ಆ ದೇಶದವಳೇ, ನೀಲಿ ಕಣ್ಣು, ಮಡಿಲಲ್ಲಿ ಮಗುವಿನ ಒಂದು ಜೊತೆ ಕಾಲುಚೀಲ. ಇದು ಪರದೇಶಿಗಳಿಗೆ ಮಾತ್ರ ಆಗುವ ಅನ್ಯಾಯ ಎಂಬ ದೊಡ್ಡಪ್ಪನ ವಾದವೂ ಅಲ್ಲಿಗೆ ಬಿತ್ತು. ಅವಳನ್ನು ಕರೆದಾಗ ಅವಳ ಪಕ್ಕದಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಒಬ್ಬಳೇ ಒಳಗೆ ಹೋದಳು. ಅವಳು ತಪ್ಪು ಮಾಡಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ತಪ್ಪು ಮಾಡಿದವಳಿಗೂ ತನ್ನ ಕಡತ ಓದುವ, ತನ್ನ ಮಾತು ಆಡುವ ಹಕ್ಕು ಬೇಕಲ್ಲ. ಒಳ್ಳೆಯ ತಾಯಂದಿರಿಗೆ ಮಾತ್ರ ಸಿಗುವುದಾದರೆ ಅದು ಹಕ್ಕಲ್ಲ, ಬಹುಮಾನ.

ಒಳಗೆ ಏನು ನಡೆಯಿತೆಂದು ಭಾವ ಆಮೇಲೆ ಹೇಳಿದರು. ಮೂವರು ನ್ಯಾಯಾಧೀಶರು. ವೈದ್ಯರ ವರದಿ ಓದಿದ ಮೇಲೆ ನಡುವೆ ಕೂತವರು ಅಕ್ಕನನ್ನು ಕೇಳಿದರು, ನಿಮ್ಮದೇನೂ ತಪ್ಪಿಲ್ಲ ಅನ್ನುತ್ತೀರಾ? ತಪ್ಪಿಲ್ಲ ಎಂದೇ ಹೇಳಿ ಅಂತ ವಕೀಲರು ಸನ್ನೆ ಮಾಡಿದರಂತೆ. ಅಕ್ಕ ಆ ಕಡೆ ನೋಡದೆ ಹೇಳಿದಳಂತೆ:

"ತಪ್ಪ್ ಇತ್ತ್. ಸಿಪ್ಪಿ ಮಗಿನ ಕೈಗ್ ಸಿಕ್ಕುವಲ್ಲಿ ಬಿಟ್ಟ್ ಎದ್ದ್ ಹೋದದ್ದ್ ನನ್ ತಪ್ಪ್. ಡಾಕ್ಟ್ರಿಗೆ ತೋರ್ಸದ್ದೆ ಇದ್ದದ್ದೂ ತಪ್ಪ್. ಅದ್ನ ಬರ್ಕಣಿ, ಅದಕ್ಕೆ ಈಗ್ಲೇ ಸೈನ್ ಹಾಕ್ತೆ. ಬೇಕ್ ಅಂದೇ ಸುಟ್ಟದ್ದ್ ಅಂದ್ ಬರಿಯುಕ್ ಮಾತ್ರ ಬಿಡ್ತಿಲ್ಲೆ. ನೀವ್ ಮಗಿನ್ನ ಕೊಡದ್ದೆ ಇದ್ರೂ ಬಿಡ್ತಿಲ್ಲೆ."

ಕೊನೆಯ ವಾಕ್ಯವನ್ನು ಅನುವಾದಕರು ಹೇಳಲು ಹಿಂಜರಿದರಂತೆ. "ಅದ್ನೂ ಹೇಳಿ" ಅಂದಳಂತೆ ಅಕ್ಕ. ಹೇಳಿದರು.

ನನ್ನ ಎಂಟು ಹಾಳೆಯಲ್ಲಿ ಆ ಮಾತು ಇರಲಿಲ್ಲ. ಎಲ್ಲವನ್ನೂ ನಿರಾಕರಿಸುವುದು ಹೇಗೆಂದು ನನಗೆ ಗೊತ್ತು. ಆದದ್ದಷ್ಟನ್ನೇ ಒಪ್ಪಿ, ಆಗದ್ದರ ಎದುರು ಗಟ್ಟಿಯಾಗಿ ನಿಲ್ಲುವುದನ್ನು ಯಾವ ಸ್ಪರ್ಧೆಯಲ್ಲೂ ಯಾರೂ ಕಲಿಸುವುದಿಲ್ಲ.

ಬಾಗಿಲು

ಐದನೆಯ ದಿನ ಆದೇಶ ಬಂತು. ಪುಟ್ಟಿ ಮನೆಗೆ. ಮೂರು ತಿಂಗಳು ಯಾರಾದರೂ ಬಂದು ನೋಡಿ ಹೋಗುತ್ತಾರೆ. ತಪ್ಪಾಯಿತು ಎಂಬ ಪದ ಆದೇಶದಲ್ಲಿ ಎಲ್ಲೂ ಇರಲಿಲ್ಲ. 'ಆತಂಕಕ್ಕೆ ಈಗ ಕಾರಣ ಉಳಿದಿಲ್ಲ' ಎಂದಷ್ಟೇ ಇತ್ತು. ನಾನು ಅದನ್ನು ಮೂರು ಸಲ ಓದಿ ಸಿಟ್ಟು ಮಾಡಿಕೊಂಡೆ. ಅಕ್ಕ ಒಂದು ಸಲ ಓದಿ ಅಕ್ಕಿ ತೊಳೆಯಲು ಹೋದಳು.

ಮಧ್ಯಾಹ್ನ ಕಚೇರಿಯಿಂದ ಯುವಕನೊಬ್ಬ ಪುಟ್ಟಿಯ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದ. ಬೂಟು ಬಿಚ್ಚಿ ಹೊರಗಿಟ್ಟ. ಸಭ್ಯ ಹುಡುಗ, ನನ್ನದೇ ಪ್ರಾಯ. ಹಿಂದಿನ ಭೇಟಿಯಲ್ಲಿ ಬೆನ್ನ ತನಕ ಇದ್ದ ಪುಟ್ಟಿಯ ಜಡೆ ಇರಲಿಲ್ಲ. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ಅವಳು ಒಳಗೆ ಓಡಿ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಬರಬಹುದೇ ಎಂಬಂತೆ ಆ ಹುಡುಗನ ಮುಖ ನೋಡಿದಳು.

ಅಕ್ಕ ಹೋಗಿ ಎತ್ತಿಕೊಂಡಳು. ಭಾವ ಗೋಡೆ ಕಡೆ ತಿರುಗಿ ನಿಂತಿದ್ದರು.

ಹುಡುಗ ಕಾಯ್ದು, ಹಲಗೆಗೆ ಸಿಕ್ಕಿಸಿದ ಹಾಳೆಯನ್ನು ಚಾಚಿದ. ಮಗುವನ್ನು ಸುಸ್ಥಿತಿಯಲ್ಲಿ ಮರಳಿ ಪಡೆದಿದ್ದೇವೆ, ಸಹಿ. ಅಕ್ಕ ಪುಟ್ಟಿಯನ್ನು ಇಳಿಸದೆ ಒಂದೊಂದೇ ಸಾಲು ಓದಿದಳು. ಅರ್ಥವಾಗದ ಪದ ನನ್ನನ್ನು ಕೇಳಿದಳು, ನನಗೂ ಗೊತ್ತಿಲ್ಲದಿದ್ದಾಗ ಫೋನಿನಲ್ಲಿ ಹುಡುಕಿಸಿದಳು.

"ಸೈನ್ ಹಾಕ್ ಮಾರಾಯ್ತಿ, ಅವ್ರ್ ಹೋಗ್ಲಿ," ಅಂದರು ಭಾವ.

"ಕಾಣದ್ದೆ ಹ್ಯಾಂಗ್ ಹಾಕುದ್?"

ಪುಟ್ಟಿಯನ್ನು ಸೋಫಾದ ಮೇಲೆ ನಿಲ್ಲಿಸಿದಳು. ತೋಳು ಮಡಚಿ ನೋಡಿದಳು. ಕುತ್ತಿಗೆ, ಬೆನ್ನು, ಅಂಗಾಲು, ಉಗುರು, ಒಂದೊಂದಾಗಿ. ಹುಡುಗ ಕಾಲುಚೀಲದಲ್ಲಿ ನಿಂತು ನೋಡುತ್ತಿದ್ದ. ಕೊನೆಗೆ ಅಕ್ಕ ತಲೆಯ ಮೇಲೆ ಕೈಯಿಟ್ಟು ಅವನ ಕಡೆ ತಿರುಗಿದಳು. ಅವಳಿಗೆ ಬರುವಷ್ಟು ಅವನ ಭಾಷೆಯಲ್ಲಿ ಕೇಳಿದಳು, ಯಾರನ್ನು ಕೇಳಿ ಕತ್ತರಿಸಿದಿರಿ?

ಆ ಮನೆಯಲ್ಲಿ ಹೇನಾಗಿತ್ತು, ಎಲ್ಲ ಮಕ್ಕಳಿಗೂ ಕತ್ತರಿಸಿದರು ಅಂದ ಹುಡುಗ. ಅದು ಮಾಮೂಲು ಅಂದ.

ಅಕ್ಕ ಹಾಳೆಯಲ್ಲಿ 'ಸುಸ್ಥಿತಿಯಲ್ಲಿ' ಎಂಬುದರ ಕೆಳಗೆ ಜಾಗ ಹುಡುಕಿದಳು. ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ನನ್ನನ್ನು ಕೇಳಿ, ನಿಧಾನಕ್ಕೆ, ಶಾಲೆಯ ಅಕ್ಷರದಲ್ಲಿ ಬರೆದಳು: ಮಗುವಿನ ಕೂದಲನ್ನು ತಾಯಿಯನ್ನು ಕೇಳದೆ ಕತ್ತರಿಸಲಾಗಿದೆ. ಸಹಿ ಹಾಕಲಿಲ್ಲ. ಹಲಗೆಯನ್ನು ಹುಡುಗನ ಕೈಗೆ ವಾಪಸು ಕೊಟ್ಟು, ಆ ಸಾಲಿನ ಪಕ್ಕದಲ್ಲಿ ಬೆರಳಿಟ್ಟಳು.

"ಮೊದ್ಲ್ ನೀವ್ ಹಾಕಿ," ಅಂದಳು, ನಮ್ಮ ಭಾಷೆಯಲ್ಲೇ.

ನಾನು ಅನುವಾದ ಮಾಡಲು ಬಾಯಿ ತೆರೆದೆ. ಬೇಕಾಗಲಿಲ್ಲ. ಹುಡುಗ ಆ ಸಾಲನ್ನು ಎರಡು ಸಲ ಓದಿ, ಪುಟ್ಟಿಯ ತಲೆ ನೋಡಿ, ಜೇಬಿನಿಂದ ಪೆನ್ನು ತೆಗೆದ.